ಕಾರವಾರ ಕೊಲ್ಲಿಯ ಕಡಲ ಜನರು ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಕಾರವಾರ ಕೊಲ್ಲಿಯ ಜನರ ಚರಿತ್ರೆ ಮತ್ತು ಬದುಕು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ, ಪಂಡಿತನಲ್ಲ. ಹೋದ ವರ್ಷ ಸಂಘದ ಕೆಲವರು ಅಧ್ಯಯನ ಪ್ರವಾಸಕ್ಕೆಂದು ಕಾರವಾರ, ಅಂಕೋಲ, ಗೋಕರ್ಣದ ಕಡೆ ಹೋಗಿ ಬಂದೆವಲ್ಲ, ಅಲ್ಲಿ ಕಣ್ಣಾರೆ ಕಂಡದ್ದು, ಅಲ್ಲಿಯ ಹಿರಿಯರ ಬಾಯಿಂದ ಕೇಳಿದ್ದು, ಬಂದ ಮೇಲೆ ಗ್ರಂಥಾಲಯದಲ್ಲಿ ಕೂತು ಓದಿದ್ದು, ಈ ಮೂರನ್ನೂ ಸೇರಿಸಿ ತಮ್ಮ ಮುಂದೆ ಇಡುತ್ತೇನೆ.

ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಮೀನಿನ ಮಾತು ಯಾಕಪ್ಪಾ ಅಂತ ಕೆಲವರು ನಗುತ್ತಿರಬಹುದು. ವಿಮಾನಪುರಕ್ಕೂ ಸಮುದ್ರಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ ಅನ್ನಬಹುದು. ಸಂಬಂಧ ಇದೆ, ಕೇಳಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯವರು ಇದೇ ಕಾರ್ಖಾನೆಯಲ್ಲಿ ತಮ್ಮ ವಿಮಾನಗಳ ರಿಪೇರಿ ಮಾಡಿಸುತ್ತಿದ್ದರು. ಅವುಗಳಲ್ಲಿ ಕ್ಯಾಟಲಿನಾ ಅನ್ನುವ ವಿಮಾನವೂ ಒಂದು. ಅದು ಸಮುದ್ರದ ಮೇಲೆ ಕಾವಲು ತಿರುಗುವ ವಿಮಾನ, ನೀರಿನ ಮೇಲೇ ಇಳಿದು ನೀರಿನಿಂದಲೇ ಏಳುತ್ತದೆ. ಕಡಲಿಲ್ಲದ ಈ ಊರಲ್ಲಿ ಅದು ಇಳಿಯಲು ಜಾಗ ಯಾವುದು ಗೊತ್ತೇ? ನಮ್ಮ ಬೆಳ್ಳಂದೂರು ಕೆರೆ. ಇತ್ತೀಚಿನ ವರ್ಷಗಳಲ್ಲಿ ನೊರೆ ಉಕ್ಕಿ ಬೆಂಕಿ ಹತ್ತಿತು ಅಂತ ದೇಶಕ್ಕೆಲ್ಲ ಸುದ್ದಿಯಾದ ಕೆರೆ, ಆಗ ಕಡಲ ವಿಮಾನಕ್ಕೆ ಬಂದರಾಗಿತ್ತು.

ಇನ್ನೂ ಒಂದು ಸಂಬಂಧ ಇದೆ. ಕಾರ್ಖಾನೆ, ವಿಮಾನ ನಿಲ್ದಾಣ, ವಸತಿಗೆ ಅಂತ ನಮ್ಮ ಸುತ್ತಿನ ಹಳ್ಳಿಗಳ ಹೊಲ ಹೋಯಿತು. ಮಿಕ್ಕ ಹೊಲ ಆಮೇಲೆ ಲೇಔಟಿಗೆ, ಅಪಾರ್ಟ್‌ಮೆಂಟಿಗೆ ಹೋಯಿತು. ಕಾರವಾರದ ಕೊಲ್ಲಿಯಲ್ಲೂ ದೇಶರಕ್ಷಣೆಗೆ ಅಂತಲೇ ಹಳ್ಳಿಗಳು ಹೋದವು. ಅವರ ಕಥೆ ಕೇಳುವಾಗ ನಮ್ಮದನ್ನೇ ಇನ್ನೊಬ್ಬರು ಹೇಳಿದ ಹಾಗೆ ಇತ್ತು.

ಮುಂದಿನ ಮಹಾಸಭೆಯಲ್ಲಿ, ಹುಲ್ಲುಗಾವಲು ಹೋಯಿತು, ಹಸು ಕಡಿಮೆಯಾದವು, ಸಂಘ ಮುಚ್ಚಿ ಷೇರು ಹಣ ವಾಪಸ್ ತಗೊಂಡು ಅವರವರ ದಾರಿ ನೋಡಿಕೊಳ್ಳೋಣ ಅನ್ನುವ ಮಾತು ಬರಲಿದೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಮಾತಿಗೆ ಉತ್ತರ ಹುಡುಕುತ್ತಲೇ ನಾನು ಕಡಲ ಜನರ ಚರಿತ್ರೆ ಓದಿದ್ದು.

ಕೊಲ್ಲಿ ಹೇಗಿದೆ

ಮೊದಲು ಜಾಗ ಹೇಗಿದೆ ನೋಡೋಣ. ಕೊಲ್ಲಿ ಅಂದರೆ ಕಡಲು ಒಳಕ್ಕೆ ಬಾಗಿ ಭೂಮಿಯ ತೋಳಿನೊಳಗೆ ನಿಂತ ಜಾಗ. ಕಾರವಾರದಲ್ಲಿ ತೆಂಕಣಕ್ಕೆ ಬೈತಖೋಲ ಗುಡ್ಡ ಕಡಲಿನೊಳಕ್ಕೆ ಚಾಚಿಕೊಂಡಿದೆ. ಬಡಗಣಕ್ಕೆ ಜೋಯಿಡಾ ಕಾಡಿನಲ್ಲಿ ಹುಟ್ಟಿದ ಕಾಳಿ ನದಿ ಬಂದು ಕಡಲು ಸೇರುತ್ತದೆ. ನದಿಯ ಆಚೆ ಸದಾಶಿವಗಡದ ಕೋಟೆ, ಅದನ್ನು ಕಟ್ಟಿದವರು ಸೋಂದೆಯ ಅರಸರು. ಎದುರಿಗೆ ದೇವಗಡ, ಕೂರ್ಮಗಡ ಮೊದಲಾದ ದ್ವೀಪಗಳು. ಸ್ವಲ್ಪ ತೆಂಕಣಕ್ಕೆ, ಬಿಣಗಾ ಊರಿನ ಎದುರು ಅಂಜದೀವ ದ್ವೀಪ. ಗುಡ್ಡ ಗಾಳಿ ತಡೆಯುತ್ತದೆ, ದ್ವೀಪಗಳು ಅಲೆ ತಡೆಯುತ್ತವೆ. ನಮ್ಮಲ್ಲಿ ಕೊಟ್ಟಿಗೆಗೆ ಗೋಡೆ ಇದ್ದ ಹಾಗೆ ಹಡಗುಗಳಿಗೆ ಈ ಕೊಲ್ಲಿ. ಅದಕ್ಕೇ ಲೋಕದ ಕಣ್ಣೆಲ್ಲ ಇದರ ಮೇಲೆ ಬಿತ್ತು.

1498ರಲ್ಲಿ ಪೋರ್ಚುಗಲ್‌ನ ವಾಸ್ಕೋ ಡ ಗಾಮ ತನ್ನ ದೇಶಕ್ಕೆ ಮರಳುವ ಮುಂಚೆ ಅಂಜದೀವದಲ್ಲಿ ನಿಂತು ಹಡಗು ರಿಪೇರಿ ಮಾಡಿಸಿಕೊಂಡ, ಸಿಹಿನೀರು ತುಂಬಿಕೊಂಡ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರಕ್ಕೆ ಬಂದು ಕೋಠಿ ಹಾಕಿದರು. ಮೆಣಸು, ಏಲಕ್ಕಿ, ಜೊತೆಗೆ ಘಟ್ಟದ ಮೇಲೆ ನೇಯ್ದ ತೆಳು ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿತ್ತು. 1665ರಲ್ಲಿ ಶಿವಾಜಿ ಮಹಾರಾಜರು ಹಡಗುಗಳ ಜೊತೆ ಬಂದು ಬಸರೂರಿನ ಮೇಲೆ ಬಿದ್ದು, ಗೋಕರ್ಣದಲ್ಲಿ ದೇವರ ದರ್ಶನ ಮಾಡಿ, ಕಾರವಾರದ ವರ್ತಕರಿಂದ ಕಾಣಿಕೆ ವಸೂಲಿ ಮಾಡಿಕೊಂಡು ಹೋದರು.

ಬ್ರಿಟಿಷರ ಕಾಲದಲ್ಲಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. 1864ರಲ್ಲಿ ದೇವಗಡದ ಮೇಲೆ ದೀಪಸ್ತಂಭ ಎದ್ದಿತು. ಆಗ ಅಮೆರಿಕದಲ್ಲಿ ಅವರವರಲ್ಲೇ ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋಗಿತ್ತು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ, ಕಾರವಾರಕ್ಕೆ ಬಂತು. ಕಾರವಾರಕ್ಕೆ ರೈಲೂ ಬರುತ್ತದೆ, ಇದು ಎರಡನೇ ಮುಂಬಯಿ ಆಗುತ್ತದೆ ಅಂತ ಜನ ಕನಸು ಕಂಡರು. ರೈಲು ಗೋವಾದ ಮುರಗಾವ್ ಬಂದರಿಗೆ ಹೋಯಿತು. ಹತ್ತಿ ಅದರ ಹಿಂದೆ ಹೋಯಿತು. ಕಾರವಾರ ತಣ್ಣಗಾಯಿತು. ಕೊನೆಗೆ ಅಲ್ಲಿಗೆ ರೈಲು ಬಂದದ್ದು ಕೊಂಕಣ ರೈಲ್ವೆಯ ಕಾಲಕ್ಕೆ, ನೂರು ವರ್ಷಕ್ಕೂ ಮಿಕ್ಕಿ ಕಾದ ಮೇಲೆ. ಆ ತಣ್ಣಗಿನ ದಿನಗಳಲ್ಲೇ ಯುವಕ ರವೀಂದ್ರನಾಥ ಠಾಕೂರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದು ಆ ಕಡಲ ತೀರವನ್ನು ಮನಸಾರೆ ಮೆಚ್ಚಿಕೊಂಡರು. ಇವತ್ತು ಅದಕ್ಕೆ ಅವರದೇ ಹೆಸರು.

ಇಷ್ಟು ಯಾಕೆ ಹೇಳಿದೆ ಅಂದರೆ, ಬಂದ ಹಡಗುಗಳೆಲ್ಲ ಹೋದವು. ಪೋರ್ಚುಗೀಸರು ಹೋದರು, ಇಂಗ್ಲಿಷರು ಹೋದರು, ಹತ್ತಿ ಸಾಹುಕಾರರು ಹೋದರು. ದೂರದ ಮಾರುಕಟ್ಟೆ ಏರಿದಾಗ ಊರು ಏರಿತು, ಇಳಿದಾಗ ಇಳಿಯಿತು. ಇಷ್ಟರ ನಡುವೆ ತೀರ ಬಿಟ್ಟು ಕದಲದೆ ಉಳಿದವರು ದೋಣಿಯ ಜನ. ಅವರ ಹೆಸರು ಕೋಟೆಯ ಶಾಸನದಲ್ಲಿಲ್ಲ, ಕೋಠಿಯ ಲೆಕ್ಕದಲ್ಲಿಲ್ಲ. ನನಗೆ ಚರಿತ್ರೆ ಅಂದರೆ ಅವರದೇ.

ದೋಣಿಯ ಜನ

ಯಾರು ಇವರು? ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು, ಮುಸಲ್ಮಾನರಲ್ಲಿ ದಾಲ್ದಿಗಳು. ಒಂದೇ ಕೊಲ್ಲಿ, ಹಲವು ಜಾತಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಗೋವಾದವರು ಸಿಕ್ಕಿದರೆ ಮರಾಠಿಯೂ ಸೇರಿತು. ಗಾಬಿತರ ಹಿರಿಯರು ಮರಾಠರ ನೌಕಾಪಡೆಯಲ್ಲಿ ಹಡಗು ನಡೆಸಿದವರು ಅನ್ನುತ್ತಾರೆ. ಅಂಬಿಗರು ಹೆಚ್ಚಾಗಿ ಹೊಳೆಯ ಜನ, ದೋಣಿ ದಾಟಿಸುವವರು. ತೀರದ ಹಿಂದೆ ಗುಡ್ಡದ ಬುಡದಲ್ಲಿ ಹಾಲಕ್ಕಿ ಒಕ್ಕಲಿಗರು. ಕೊರಳ ತುಂಬ ಮಣಿಸರ ಹಾಕಿಕೊಂಡ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಸೊಪ್ಪು ತರಕಾರಿ ತರುತ್ತಾರೆ, ಮೀನುಗಾರರ ಹೆಂಗಸರು ಬುಟ್ಟಿಯಲ್ಲಿ ಮೀನು ತರುತ್ತಾರೆ.

ಒಂದು ಮಾತು ತಾಯಂದಿರು ಗಮನಿಸಬೇಕು. ಅಲ್ಲಿ ಮೀನು ಹಿಡಿಯುವುದು ಗಂಡಸು, ಮೀನನ್ನು ದುಡ್ಡು ಮಾಡುವುದು ಹೆಂಗಸು. ದೋಣಿ ದಡ ಮುಟ್ಟುತ್ತಿದ್ದ ಹಾಗೆ ಬುಟ್ಟಿ ಹಿಡಿದು ನಿಲ್ಲುವವಳು ಅವಳು. ಹರಾಜು ಕೂಗುವುದು, ಮಾರುಕಟ್ಟೆಯಲ್ಲಿ ಕೂತು ಚೌಕಾಸಿ ಮಾಡುವುದು, ಮಿಕ್ಕಿದ್ದಕ್ಕೆ ಉಪ್ಪು ಹಾಕಿ ಒಣಗಿಸುವುದು, ಎಲ್ಲ ಅವಳದೇ. ನಮ್ಮ ಕೆ.ಆರ್.ಪುರದ ಸಂತೆಯಲ್ಲಿ, ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಸಿಗುವ ಒಣಮೀನಿನ ಹಿಂದೆ ಇಂಥ ಯಾರೋ ಒಬ್ಬ ತಾಯಿಯ ಬಿಸಿಲು ಇದೆ. ನಮ್ಮಲ್ಲೂ ಹಸು ಸಾಕುವವರು ಹೆಂಗಸರು, ಪಾಸ್‌ಬುಕ್ಕಿನಲ್ಲಿ ಮಾತ್ರ ಗಂಡಸಿನ ಹೆಸರು! ಇದು ನಗುವ ಮಾತಲ್ಲ.

ಅವರ ವರ್ಷ ನಮ್ಮ ವರ್ಷದ ಹಾಗಲ್ಲ. ನಮಗೆ ಮಳೆ ಬಂದರೆ ಕೆಲಸ ಶುರು, ಅವರಿಗೆ ಮಳೆ ಬಂದರೆ ಕೆಲಸ ಬಂದ್. ಮುಂಗಾರಿನಲ್ಲಿ ಕಡಲು ಕೆರಳುತ್ತದೆ. ದೋಣಿ ಮೇಲೆಳೆದು ತೆಂಗಿನ ಗರಿ ಹೊದಿಸುತ್ತಿದ್ದರು. ಮಳೆ ಇಳಿದು ಶ್ರಾವಣದ ನೂಲು ಹುಣ್ಣಿಮೆ ಬಂದಾಗ ಊರೆಲ್ಲ ತೀರಕ್ಕೆ ಹೋಗಿ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಆಮೇಲೆ ದೋಣಿ ಇಳಿಸುತ್ತಾರೆ. ಮಳೆಗಾಲ ಮೀನು ಮರಿ ಹಾಕುವ ಕಾಲ ಅಂತ ಸರ್ಕಾರ ಈಗ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ 61 ದಿನ ರಜೆ ಮಾಡಿದೆ. ಹಿರಿಯರು ಹಬ್ಬದ ಹೆಸರಲ್ಲಿ ಪಾಲಿಸಿದ್ದನ್ನು ಈಗ ಆದೇಶದ ಹೆಸರಲ್ಲಿ ಪಾಲಿಸಬೇಕಾಗಿದೆ.

ಪ್ರತಿ ವರ್ಷ ಜನವರಿ ಸುಮಾರಿಗೆ, ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹ ದೇವರ ಜಾತ್ರೆ. ದೇವರು ದ್ವೀಪದಲ್ಲಿ, ಭಕ್ತರೆಲ್ಲ ದೋಣಿಯಲ್ಲೇ ಹೋಗಬೇಕು. ಮೀನುಗಾರರು ಬೋಟುಗಳನ್ನು ಸಿಂಗರಿಸಿ ಜನರನ್ನು ಕರೆದೊಯ್ಯುತ್ತಾರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುವಾಗ ದೋಣಿಯೊಂದು ಮಗುಚಿ ಮಕ್ಕಳೂ ಸೇರಿ ಹದಿನೈದಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನಮ್ಮ ಹಾಗೆ ಒಳನಾಡಿನಿಂದ ಹೋದವರೂ ಅದರಲ್ಲಿದ್ದರು. ಕಡಲು ತಾಯಿ ಅಂತಾರೆ, ಆದರೆ ಆ ತಾಯಿಯ ಸಿಟ್ಟು ಗೊತ್ತಿರುವುದು ಅಲ್ಲಿ ಹುಟ್ಟಿದವರಿಗೆ ಮಾತ್ರ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ, ಸುರಿಯುವ ಮಳೆಗಾಲದಲ್ಲಿ ಪೊಲೀಸರ ಜೊತೆ ದೋಣಿ ಹಾಕಿ ಚಾಲಕನನ್ನು ಬದುಕಿಸಿದವರು ಇದೇ ಮೀನುಗಾರರು. ನೀರಲ್ಲಿ ಬಿದ್ದವನ ಜಾತಿ, ಭಾಷೆ ಕೇಳುವ ಪದ್ಧತಿ ಅವರಲ್ಲಿಲ್ಲ.

ರಂಪಣಿ

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಸಹಕಾರದ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದರು. ಇದು ನಮಗೆಲ್ಲ ತರಬೇತಿಯಲ್ಲಿ ಹೇಳಿಕೊಟ್ಟ ಪಾಠ. ಆದರೆ ಈ ಕಾಯಿದೆಯ ನೆರಳು ಕೂಡ ಬೇಡದೆ ಕರಾವಳಿಯಲ್ಲಿ ಒಂದು ಸಹಕಾರ ನಡೆಯುತ್ತಿತ್ತು. ಅದರ ಹೆಸರು ರಂಪಣಿ.

ರಂಪಣಿ ಅಂದರೆ ಬಲೆ. ಸಣ್ಣ ಬಲೆಯಲ್ಲ, ಒಂದು ಕಿಲೋಮೀಟರಿಗೂ ಮೀರಿ ಹರಡುವ ಬಲೆ. ಇಂಥದ್ದನ್ನು ಒಬ್ಬ ಮಾಡಿಸಲಾರ, ಒಬ್ಬ ಎಳೆಯಲಾರ. ಅದಕ್ಕೇ ಹಲವು ಕಡೆ ಮನೆಮನೆಯಿಂದ ಒಂದೊಂದು ತುಂಡು ಬಲೆ ತಂದು ಸೇರಿಸಿ ಹೊಲಿಯುತ್ತಿದ್ದರು. ನಮ್ಮ ಸಂಘದಲ್ಲಿ ಷೇರು ಅಂದರೆ ಒಂದು ಕಾಗದ. ಅವರ ಷೇರು ಬಲೆಯ ತುಂಡು. ಯಾರ ತುಂಡು ಹರಿದಿದೆಯೋ ಅಲ್ಲಿಂದ ಎಲ್ಲರ ಮೀನೂ ಹೊರಗೆ ಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬನೂ ತನ್ನ ತುಂಡನ್ನು ಸರಿಯಾಗಿ ಇಟ್ಟುಕೊಳ್ಳಬೇಕು, ಪಕ್ಕದವನದನ್ನೂ ನೋಡಬೇಕು.

ಕೆಲಸ ನಡೆಯುವ ರೀತಿ ಕೇಳಿ. ಮಳೆಗಾಲ ಕಳೆದ ಮೇಲೆ ಬಂಗುಡೆ, ತಾರ್ಲೆ ಮೀನುಗಳು ಲಕ್ಷಗಟ್ಟಲೆ ಗುಂಪಾಗಿ ದಡದ ಹತ್ತಿರ ಬರುತ್ತವೆ. ಅನುಭವಸ್ಥನೊಬ್ಬ ನೀರಿನ ಬಣ್ಣ, ಹಕ್ಕಿಗಳು ಎರಗುವ ರೀತಿ ನೋಡಿಯೇ ಗುಂಪು ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಹೇಳುತ್ತಾನೆ. ಅವನ ಕೈಸನ್ನೆಯ ಪ್ರಕಾರ ಬಲೆ ಹೊತ್ತ ದೋಣಿ ಅರ್ಧಚಂದ್ರದ ಹಾಗೆ ಗುಂಪನ್ನು ಸುತ್ತುಹಾಕುತ್ತದೆ. ಬಲೆಯ ಎರಡು ತುದಿಯ ಹಗ್ಗ ದಡಕ್ಕೆ ಬರುತ್ತದೆ. ಎಂಬತ್ತು, ನೂರು ಜನ ಎರಡು ಸಾಲಾಗಿ ನಿಂತು, ಸೊಲ್ಲು ಹೇಳುತ್ತಾ ಹೆಜ್ಜೆಗೆ ಹೆಜ್ಜೆ ಕೂಡಿಸಿ ಎಳೆಯುತ್ತಾರೆ. ಒಂದು ಸಾಲು ಜೋರಾಗಿ ಎಳೆದು ಇನ್ನೊಂದು ಹಿಂದೆ ಬಿದ್ದರೆ ಬಲೆ ವಾರೆಯಾಗಿ ಮೀನು ಪಾರಾಗುತ್ತದೆ. ಬಲವಿದ್ದವನು ಬಲ ತೋರಿಸುವ ಜಾಗ ಅದಲ್ಲ, ಸಮ ಎಳೆಯುವ ಜಾಗ. ಹೆಚ್ಚು ಮೀನು ಸಿಕ್ಕಿದರೆ ಎಲ್ಲವನ್ನೂ ಒಂದೇ ದಿನ ಮೇಲೆಳೆಯುತ್ತಿರಲಿಲ್ಲ. ಬಲೆಯೊಳಗೇ ನೀರಲ್ಲಿ ಜೀವಂತ ಕೂಡಿಹಾಕಿ, ಮಾರಾಟ ಆಗುವಷ್ಟನ್ನೇ ದಿನದಿನ ತೆಗೆಯುತ್ತಿದ್ದರು. ಐಸ್ ಫ್ಯಾಕ್ಟರಿ ಇಲ್ಲದ ಕಾಲದಲ್ಲಿ ಇದೇ ಅವರ ಶೀತಲಗೃಹ.

ಹಂಚಿಕೆಗೆ ಲೆಕ್ಕ ಇತ್ತು. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಎಳೆದ ಕೈಗೆ ಇಷ್ಟು, ದೇವರಿಗೆ ಇಷ್ಟು. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಚ್ಚಿದರೆ ಅವನಿಗೂ ಸಾರಿಗೆ ಆಗುವಷ್ಟು ಮೀನು. ವಯಸ್ಸಾದವರು, ಗಂಡ ಇಲ್ಲದವರು ದಡಕ್ಕೆ ಬಂದರೆ ಬರಿಗೈಯಲ್ಲಿ ಹೋಗುತ್ತಿರಲಿಲ್ಲ ಅಂತ ಅಲ್ಲಿಯ ಹಿರಿಯರು ಹೇಳಿದರು. ಬೈಲಾ ಇಲ್ಲ, ಆಡಿಟ್ ಇಲ್ಲ. ಎಲ್ಲರ ಕಣ್ಣೆದುರು ಮರಳಿನ ಮೇಲೆ ರಾಶಿ ಹಾಕಿ ಹಂಚುತ್ತಿದ್ದರು. ಅದಕ್ಕಿಂತ ದೊಡ್ಡ ಆಡಿಟ್ ಯಾವುದಿದೆ?

ರಂಪಣಿ ಮುಳುಗಿದ್ದು

ಇಂಥ ರಂಪಣಿ ಯಾಕೆ ಹೋಯಿತು? 1960ರ ದಶಕದಲ್ಲಿ ನಾರ್ವೆ ದೇಶದ ನೆರವಿನ ಯೋಜನೆ ಕಾರವಾರಕ್ಕೂ ಬಂತು. ಯಂತ್ರದ ಬೋಟು, ನೈಲಾನ್ ಬಲೆ ಬಂದವು. ಯಂತ್ರ ಬಂದದ್ದು ಒಳ್ಳೆಯದೇ, ಹುಟ್ಟು ಹಾಕಿ ಹಾಕಿ ತೋಳು ಸೋತವನಿಗೆ ಯಂತ್ರ ಬೇಡ ಅನ್ನುವ ಹಕ್ಕು ನಮಗಿಲ್ಲ. ಆದರೆ 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಬಂದವು. ಅವು ಮೀನಿನ ಗುಂಪು ದಡಕ್ಕೆ ಬರುವ ಮುಂಚೆಯೇ, ಆಳ ನೀರಿನಲ್ಲೇ ಸುತ್ತುಹಾಕಿ, ಬಲೆಯ ಬಾಯಿಯನ್ನು ಚೀಲದ ಬಾಯಿ ಎಳೆದ ಹಾಗೆ ಕೆಳಗಿನಿಂದ ಮುಚ್ಚಿ ಎತ್ತಿಬಿಡುತ್ತವೆ. ದಡದಲ್ಲಿ ಹಗ್ಗ ಹಿಡಿದು ನಿಂತ ನೂರು ಜನ ಕಾದರು, ಮೀನು ಬರಲಿಲ್ಲ. ಜಗಳವಾಯಿತು, ಚಳವಳಿಯಾಯಿತು. 1980ರ ಹೊತ್ತಿಗೆ ರಂಪಣಿ ಬಹುಮಟ್ಟಿಗೆ ಮೂಲೆ ಸೇರಿತು. ಈಗ ಕಾರವಾರದ ತೀರದಲ್ಲಿ ಅದರ ಚಿಕ್ಕ ತಮ್ಮನಂಥ ಯೆಂಡಿ ಬಲೆ ಎಳೆಯುವುದನ್ನು ನೋಡಬಹುದು, ಅಷ್ಟೆ.

1986ರಲ್ಲಿ ರಾಜ್ಯ ಸರ್ಕಾರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಮಾಡಿತು, ದಡದ ಹತ್ತಿರದ ನೀರು ಸಣ್ಣ ದೋಣಿಯವರಿಗೆ ಅಂತಾಯಿತು. ಆದರೂ ಬೋಟು ಹೆಚ್ಚಿದ ಹಾಗೆ ಪರ್ಸೀನಿನವರಿಗೂ ಮೀನು ಕಡಿಮೆಯಾಗತೊಡಗಿತು. ಆಮೇಲೆ ರಾತ್ರಿ ಕಡಲಿನಲ್ಲಿ ಝಗಝಗ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಪದ್ಧತಿ ಶುರುವಾಯಿತು. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಒಬ್ಬ ಇನ್ನೊಬ್ಬನಿಗಿಂತ ಮುಂಚೆ ಹಿಡಿಯಬೇಕು ಅನ್ನುವ ಓಟಕ್ಕೆ ಕೊನೆ ಎಲ್ಲಿ?

ಆದರೆ ಒಂದು ವಿಷಯ ನನ್ನ ಮನಸ್ಸಿಗೆ ನಾಟಿತು. ಕೆಲವು ಕಡೆ ರಂಪಣಿಯವರು ಚದುರಿಹೋಗಲಿಲ್ಲ. ಅದೇ ಗುಂಪು ಕೂಡಿ, ಸಾಲ ಮಾಡಿ, ತಾವೇ ಪರ್ಸೀನ್ ಬೋಟು ಕೊಂಡರು. ಬಲೆ ಬದಲಾಯಿತು, ಕೂಟ ಉಳಿಯಿತು. ಒಬ್ಬೊಬ್ಬರಾಗಿ ಬಿಟ್ಟುಹೋದವರು ಬೇರೆಯವರ ಬೋಟಿನಲ್ಲಿ ಕೂಲಿಗೆ ಸೇರಿದರು.

ಅಣ್ಣತಮ್ಮಂದಿರೇ, ಇದು ನಮ್ಮ ಡೈರಿಯ ಕಥೆಯಲ್ಲವೇ? ಇಪ್ಪತ್ತು ಹಸು ಕಟ್ಟಿರುವವರು ಹಾಲನ್ನು ನೇರ ಅಪಾರ್ಟ್‌ಮೆಂಟಿಗೆ ಹಾಕುತ್ತಾರೆ, ಲೀಟರಿಗೆ ಹೆಚ್ಚು ಸಿಗುತ್ತದೆ, ಸಂತೋಷ. ಹೊರಗಿನ ವ್ಯಾಪಾರಿ ಬಂದು ಸಂಘಕ್ಕಿಂತ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಅಂತಾನೆ. ಹಾಲು ಕಡಿಮೆ ಇರುವ ತಿಂಗಳಲ್ಲಿ ಕೊಡುತ್ತಾನೆ ಕೂಡ. ಹಾಲು ಉಕ್ಕುವ ತಿಂಗಳಲ್ಲಿ ಅವನ ಫೋನು ಎತ್ತುವವರಿಲ್ಲ. ಒಂದೇ ಹಸು ಕಟ್ಟಿಕೊಂಡು, ಬೆಳಗ್ಗೆ ಮೂರು ಲೀಟರು, ಸಂಜೆ ಎರಡು ಲೀಟರು ಹಾಕಿ ಮಗಳ ಫೀಸು ಕಟ್ಟುವ ತಾಯಿಯ ಹಾಲನ್ನು ಕೇಳುವವರು ಯಾರು? ಸಂಘ ಒಂದೇ. ಆಳ ನೀರಿನಲ್ಲೇ ಮೀನು ಎತ್ತಿಬಿಟ್ಟರೆ ದಡದಲ್ಲಿ ನಿಂತವರ ಗತಿ ಏನು ಅನ್ನುವುದು ರಂಪಣಿಯ ಪ್ರಶ್ನೆ. ಅದು ನಮ್ಮ ಪ್ರಶ್ನೆಯೂ ಹೌದು.

ಕಡಲಿಗೆ ಪಹಣಿ ಇಲ್ಲ

ಇನ್ನು ನೆಲದ ಮಾತು. ಅಂಜದೀವದಿಂದ ಪೋರ್ಚುಗೀಸರನ್ನು ಬಿಡಿಸಿದ್ದು 1961ರ ಡಿಸೆಂಬರ್‌ನಲ್ಲಿ. ಆ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆಯ ಏಳು ಮಂದಿ ವೀರರು ಪ್ರಾಣ ಕೊಟ್ಟರು. ಗಾಳಿ ಅಲೆಗಳಿಂದ ರಕ್ಷಣೆ ಇರುವ ಈ ಕೊಲ್ಲಿ ನೌಕಾನೆಲೆಗೆ ಯೋಗ್ಯ ಅಂತ ಕಂಡಿತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲ ತಾಲ್ಲೂಕುಗಳಲ್ಲಿ, ಬಿಣಗಾದಿಂದ ಬೇಲೆಕೇರಿ ಕಡೆಯವರೆಗೆ, 11,000 ಎಕರೆಗೂ ಮಿಕ್ಕಿ ಜಾಗ ಹೋಯಿತು. 4,000ಕ್ಕೂ ಹೆಚ್ಚು ಕುಟುಂಬ ಮನೆ ಬಿಟ್ಟು ಏಳಬೇಕಾಯಿತು. 2005ರ ಮೇ 31ರಂದು ನೆಲೆ ಕಾರ್ಯಾರಂಭ ಮಾಡಿತು. ಅದಕ್ಕೆ ಬನವಾಸಿಯ ಕದಂಬರ ಹೆಸರು ಇಟ್ಟಿದ್ದಾರೆ, ಐ.ಎನ್.ಎಸ್. ಕದಂಬ. ಕನ್ನಡಿಗರಿಗೆ ಹೆಮ್ಮೆಯ ವಿಷಯ. ನಮ್ಮ ಎಚ್.ಎ.ಎಲ್.ನಲ್ಲಿ ತಯಾರಾದ ಚೇತಕ್ ಹೆಲಿಕಾಪ್ಟರುಗಳು ಅನೇಕ ವರ್ಷಗಳಿಂದ ನೌಕಾಪಡೆಯ ಹಡಗುಗಳ ಮೇಲೆ ಇಳಿದಿವೆ, ಎದ್ದಿವೆ. ದೇಶಕ್ಕೆ ಬೇಕಾದದ್ದನ್ನು ಬೇಡ ಅನ್ನುವವರು ನಾವಲ್ಲ, ಅವರೂ ಅಲ್ಲ.

ಪ್ರಶ್ನೆ ಬೇರೆ. ಹೊಲ ಹೋದರೆ ನಮಗೆ ಸರ್ವೆ ನಂಬರ್ ಇದೆ, ಪಹಣಿ ಇದೆ, ಮರಕ್ಕೆ ಇಷ್ಟು ಬಾವಿಗೆ ಇಷ್ಟು ಅಂತ ಲೆಕ್ಕ ಇದೆ. ಆ ಲೆಕ್ಕಕ್ಕೇ ಅಲ್ಲಿಯವರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು, ನ್ಯಾಯಾಲಯ ಪರಿಹಾರ ಹೆಚ್ಚಿಸಿದ ಮೇಲೂ ಹಣಕ್ಕೆ ಕಾದರು. ಆದರೆ ಅಜ್ಜ ಮುತ್ತಜ್ಜನ ಕಾಲದಿಂದ ದೋಣಿ ಇಳಿಸಿದ ತೀರಕ್ಕೆ, ಬಲೆ ಬೀಸಿದ ನೀರಿಗೆ ಯಾವ ಪಹಣಿ? ಕಡಲಿಗೆ ಪಹಣಿ ಇಲ್ಲ. ಮೀನುಗಾರನ ಆಸ್ತಿ ಅವನ ಹೆಸರಲ್ಲಿಲ್ಲ, ಎಲ್ಲರ ಹೆಸರಲ್ಲಿದೆ. ಎಲ್ಲರದು ಅಂದಾಗ ಎಲ್ಲರೂ ಕೂಡಿ ಕೇಳಿದರೆ ಮಾತ್ರ ಸಿಗುತ್ತದೆ. ಹೀಗೆ ಕೂಡಿ ಕೇಳಿದ್ದಕ್ಕೇ ಅಮದಳ್ಳಿಯ ಹತ್ತಿರ ಮುದಗಾದಲ್ಲಿ ನಿರಾಶ್ರಿತ ಮೀನುಗಾರರಿಗೆ ಅಂತ ದೋಣಿ ನಿಲ್ಲುವ ಬಂದರಿನ ಮಾತು ಬಂತು. 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರನ್ನು ಇನ್ನಷ್ಟು ವಿಸ್ತರಿಸಲು ಹೊರಟಾಗ, ಉಳಿದ ತೀರವೂ ಹೋಗುತ್ತದೆ ಅಂತ ಮೀನುಗಾರರು ಜಾತಿ ಮರೆತು ಒಟ್ಟಾಗಿ ಬೀದಿಗಿಳಿದರು, ಹೈಕೋರ್ಟಿಗೂ ಹೋದರು. ಕೆಲಸಕ್ಕೆ ತಡೆ ಸಿಕ್ಕಿತು.

ನಮ್ಮ ಕೆರೆಗಳಿಗೂ ಹೀಗೇ ಆಯಿತು. ಬೆಳ್ಳಂದೂರು ಕೆರೆಯಲ್ಲಿ ಬೆಸ್ತರು ಮೀನು ಹಿಡಿಯುತ್ತಿದ್ದರು, ಕೆರೆಯಂಗಳದ ಹುಲ್ಲು ನಮ್ಮ ಹಸುಗಳಿಗೆ ಮೇವಾಗಿತ್ತು. ಊರಿನ ಕೊಳಚೆ ಬಂದು ಮೀನೂ ಹೋಯಿತು, ಮೇವೂ ಕೆಟ್ಟಿತು. ಪರಿಹಾರ ಕೇಳೋಣ ಅಂದರೆ ಆ ಹುಲ್ಲಿಗೆ ಪಹಣಿ ಯಾರ ಹೆಸರಲ್ಲಿತ್ತು? ಬೆಸ್ತರು ಬೇರೆ, ಒಕ್ಕಲು ಬೇರೆ, ಕೇಳುವ ಬಾಯಿ ಬೇರೆ ಬೇರೆಯಾಗಿತ್ತು.

ಉಪ್ಪಿನ ಸಂಘ

ಕೊನೆಯದಾಗಿ ನಾವು ಕಂಡ ಒಂದು ಒಳ್ಳೆಯ ದೃಶ್ಯ. ಕಾರವಾರದಿಂದ ತೆಂಕಣಕ್ಕೆ, ಗೋಕರ್ಣದ ಹತ್ತಿರ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಪಕ್ಕ ಸಾಣಿಕಟ್ಟಾ ಅಂತ ಊರು. ಅಲ್ಲಿ ಉಪ್ಪಿನ ಗದ್ದೆಗಳು. ಭರತದಲ್ಲಿ ಏರಿ ಬಂದ ಉಪ್ಪುನೀರನ್ನು ಹಿಡಿದು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಬತ್ತಿಸಿ ಉಪ್ಪು ಕೆರೆಯುತ್ತಾರೆ. ನಮ್ಮ ಗದ್ದೆಗೆ ನೀರು ಕಟ್ಟುವ ಹಾಗೇ ಕೆಲಸ, ಬೆಳೆ ಮಾತ್ರ ಬಿಳಿ. ಆ ಗದ್ದೆಗಳ ಒಡೆಯರು ಬೇರೆ ಬೇರೆ ಮಾರಿ ಒಬ್ಬರ ಬೆಲೆ ಒಬ್ಬರು ಕೆಡಿಸುವ ಬದಲು ನಾಗರಬೈಲ್ ಉಪ್ಪಿನ ಮಾಲೀಕರ ಸಹಕಾರ ಸಂಘ ಮಾಡಿಕೊಂಡಿದ್ದಾರೆ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲ ಅಲ್ಲಿಗೆ ದೂರವೇನಲ್ಲ. ಪುಡಿ ಉಪ್ಪಿನ ದೊಡ್ಡ ದೊಡ್ಡ ಕಂಪನಿಗಳು ಬಂದ ಮೇಲೂ ಸಾಣಿಕಟ್ಟಾದ ಉಪ್ಪು ಸಂಘದ ಹೆಸರಲ್ಲೇ ಮನೆ ಸೇರುತ್ತಿದೆ.

ಅದೇ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಒಂದೇ ಕಟ್ಟೆಯ ಒಳಗೆ ಎಲ್ಲರ ಗದ್ದೆ. ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಪೈರೂ ಹೋಗುತ್ತದೆ. ಹಾಗಾಗಿ ಮಾಣಿಕಟ್ಟಾದ ರೈತರು ಕಟ್ಟೆಯ ಕಾವಲನ್ನು ಒಟ್ಟಾಗಿ ಮಾಡುತ್ತಾರೆ. ರಂಪಣಿಯ ಹರಿದ ತುಂಡಿನ ಮಾತು ಇಲ್ಲಿಯೂ ಅದೇ.

ನಾವು ಮಾಡಬೇಕಾದ್ದು

ಸದಸ್ಯ ಬಾಂಧವರೇ, ಈಗ ಮಹಾಸಭೆಗೆ ಬರುವ ಮಾತಿಗೆ ನನ್ನ ಉತ್ತರ ಹೇಳಿ ಮುಗಿಸುತ್ತೇನೆ. ಹೊಲ ಹೋಯಿತು, ಸಂಘ ಯಾಕೆ ಅನ್ನುತ್ತೀರಿ. ಹೊಲ ಇದ್ದಾಗ ಸಂಘ ಇಲ್ಲದಿದ್ದರೂ ಹೇಗೋ ಬದುಕುತ್ತಿದ್ದೆವು. ಹೊಲ ಹೋದ ಮೇಲೆ ನಮ್ಮೂರಿನವರೆಲ್ಲ ಒಂದು ಕಡೆ ಕೂತು ಮಾತಾಡುವ ಜಾಗ ಈ ಡೈರಿ ಕಟ್ಟಡ ಒಂದೇ ಉಳಿದಿದೆ. 2008ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಆಗಲೇ ಅಲ್ಲವೇ ನಾವು ನೋಡಿದ್ದು, ದೊಡ್ಡದು ಬರುತ್ತದೆ, ಹೋಗುತ್ತದೆ, ಊರು ಇಲ್ಲೇ ಇರುತ್ತದೆ ಅಂತ?

ಮೂರು ಕೆಲಸ ನಾನು ಸೂಚಿಸುತ್ತೇನೆ. ಒಂದು, ದೊಡ್ಡ ಹಸುಗಾರರು ಅಪಾರ್ಟ್‌ಮೆಂಟಿಗೆ ಹಾಲು ಹಾಕುವ ದಾರಿಯನ್ನು ಸಂಘವೇ ಹಿಡಿಯಲಿ, ಒಂದು ಹಸುವಿನವರ ಹಾಲೂ ಅದೇ ಕ್ಯಾನಿನಲ್ಲಿ ಹೋಗಲಿ. ಒಕ್ಕೂಟದ ನಿಯಮ ಏನು ಹೇಳುತ್ತದೋ ಕೇಳಿ, ಅದಕ್ಕೆ ಒಳಪಟ್ಟೇ ಮಾಡೋಣ. ಬಲೆ ಬದಲಾಗಲಿ, ಕೂಟ ಉಳಿಯಲಿ. ಎರಡು, ಹಸು ಸಾಕುವ ತಾಯಂದಿರ ಹೆಸರಲ್ಲೇ ಸದಸ್ಯತ್ವ ಆಗಲಿ. ಮೂರು, ಕೆರೆಯ ಮೇವು, ಕೆರೆಯ ನೀರು, ಗುಂಡುತೋಪು, ಇಂಥ ಪಹಣಿ ಇಲ್ಲದ ಆಸ್ತಿಗಳ ಒಂದು ಪಟ್ಟಿಯನ್ನು ಸಂಘದ ದಫ್ತರದಲ್ಲಿ ಹಿರಿಯರನ್ನು ಕೇಳಿ ಬರೆದಿಡೋಣ. ನಾಳೆ ಯಾರಾದರೂ ಇದು ಯಾರದು ಅಂತ ಕೇಳಿದರೆ, ನಮ್ಮೆಲ್ಲರದು ಅಂತ ತೋರಿಸಲು ಒಂದು ಪುಸ್ತಕವಾದರೂ ಇರಲಿ.

ಷೇರು ವಾಪಸ್ ಕೇಳುವವರ ಮೇಲೆ ನನಗೆ ಕೋಪವಿಲ್ಲ. ಅವರಿಗೂ ಮಕ್ಕಳಿದ್ದಾರೆ, ಖರ್ಚಿದೆ. ಆದರೆ ತುಂಡು ಬಲೆಯನ್ನು ಬಿಚ್ಚಿ ಮನೆಗೆ ಒಯ್ದರೆ ಅದರಲ್ಲಿ ಏನು ಹಿಡಿಯುತ್ತೀರಿ? ಹೊಲಿದು ಸೇರಿಸಿದಾಗ ಅದು ಊರಿಗೆ ಅನ್ನ ಹಾಕುವ ಬಲೆ. ಬಿಚ್ಚಿದರೆ ಬದನೆ ಮಡಿಗೆ ಕೋಳಿ ಬಾರದ ಹಾಗೆ ಕಟ್ಟಬಹುದು, ಅಷ್ಟೇ.

 

ಜೈ ಸಹಕಾರ. ಜೈ ಕರ್ನಾಟಕ. ಜೈ ಹಿಂದ್.